ಮೈಮೇಲೆ ಐದು ಸೆನ್ಸರ್ ನೋಡ್, ಐದಕ್ಕೂ ಐದು ಟೈಮ್: ಬಾಡಿ ಸೆನ್ಸರ್ ನೆಟ್‌ವರ್ಕ್ ಮಾಡಿದೋರು ಸ್ವಲ್ಪ ಬನ್ನಿ

ಹೊಸನೋಡ್

ನಮಸ್ಕಾರ ಎಲ್ರಿಗೂ. ನಮ್ಮ ಟೀಮ್ ಮೈಮೇಲೆ ಹಾಕ್ಕೊಳ್ಳೋ ಸೆನ್ಸರ್ ಸಿಸ್ಟಮ್ ಒಂದನ್ನ ಕಟ್ತಾ ಇದೆ. ಐದು ನೋಡ್ (ಸೆನ್ಸರ್, ಪ್ರೊಸೆಸರ್, ರೇಡಿಯೋ ಇರೋ ಪುಟ್ಟ ಬೋರ್ಡ್): ಮಣಿಕಟ್ಟಿಗೆ ಎರಡು, ಕಣಕಾಲಿಗೆ ಎರಡು, ಎದೆ ಪಟ್ಟಿಲಿ ಒಂದು. ಐದರಲ್ಲೂ ಚಲನೆ ಅಳೆಯೋ ಎಂಪಿಯು 6050 ಚಿಪ್ ಇದೆ, ಎದೆದರಲ್ಲಿ ಜೊತೆಗೆ ಇಸಿಜಿಗೆ (ಹೃದಯದ ವಿದ್ಯುತ್ ಸಿಗ್ನಲ್ಲಿಗೆ) ಎಡಿ 8232, ಪ್ರೊಸೆಸರ್ ಎಲ್ಲದಕ್ಕೂ ಎನ್‌ಆರ್‌ಎಫ್ 52832. ಐದೂ ಬಿಎಲ್‌ಇಲಿ (ಕಡಿಮೆ ಬ್ಯಾಟರಿ ತಿನ್ನೋ ಬ್ಲೂಟೂತ್) ಫೋನಿಗೆ ಡೇಟಾ ಕಳಿಸ್ತವೆ, ಫೋನಲ್ಲಿರೋ ಆ್ಯಪ್ ಅದನ್ನ ಸಿಎಸ್‌ವಿ ಫೈಲಿಗೆ ಬರ್ಕೊಳ್ಳತ್ತೆ. ನಡೆಯೋದು, ಮೆಟ್ಟಿಲು ಹತ್ತೋದು, ಕೂರೋದು, ಮುಗ್ಗರಿಸೋದು ಇವನ್ನೆಲ್ಲ ಗುರುತಿಸೋ ಮಾಡೆಲ್ ಮಾಡ್ಬೇಕು ಅನ್ನೋದು ಗುರಿ.

ತೊಂದ್ರೆ ಏನಪ್ಪಾ ಅಂದ್ರೆ, ಶುರುನಲ್ಲಿ ಎಲ್ಲಾ ಸರಿಯಾಗೇ ಇರತ್ತೆ, ಅರ್ಧ ಗಂಟೆ ಆಗೋ ಹೊತ್ತಿಗೆ ಬಲಗಾಲಿನ ನೋಡು ಎಡಗೈ ನೋಡಿಗಿಂತ ಸುಮಾರು 4 ಸೆಕೆಂಡ್ ಮುಂದೆ ಹೋಗಿರತ್ತೆ, ಪ್ಲಾಟ್ ಹಾಕಿ ನೋಡಿದ್ರೆ ಕೈ ನಿಂತೋಗಿದೆ ಕಾಲು ಮಾತ್ರ ಇನ್ನೂ ನಡೀತಾನೇ ಇದೆ 😅 ಗಡಿಯಾರದ ಕ್ರಿಸ್ಟಲ್ ಸ್ವಲ್ಪ ಸ್ವಲ್ಪವೇ ಜಾರೋದಕ್ಕೆ ಕ್ರಿಸ್ಟಲ್ ಡ್ರಿಫ್ಟ್ ಅಂತಾರಲ್ಲ, ಅದೇನಾ ಇದು? ಇನ್ನೂ ಒಳ್ಳೆ ಕ್ರಿಸ್ಟಲ್ ಹಾಕಿದ್ರೆ ಸರಿಹೋಗತ್ತಾ? ನಮ್ಮ ಟೀಮಲ್ಲಿ ಒಬ್ಬ ಮಾತ್ರ ಇದಕ್ಯಾಕೆ ತಲೆ ಕೆಡಿಸ್ಕೋತೀರ, ಡೀಪ್ ಲರ್ನಿಂಗ್ ಮಾಡೆಲ್ ತಾನೇ ಕಲ್ತ್ಕೊಳ್ಳತ್ತೆ ಬಿಡಿ ಅಂತಿದಾನೆ.

ತಂತಿವಾದಿ

ಗುರು ಮೊದ್ಲು ಒಂದು ಪ್ರಶ್ನೆ. ವೈರ್‌ಲೆಸ್ ಯಾಕೆ ಬೇಕಾಗಿತ್ತು? ಐದು ನೋಡೂ ಒಬ್ಬ ಮನುಷ್ಯನ ಮೈಮೇಲೇ ಇರೋದು, ಸೊಂಟದ ಬೆಲ್ಟಲ್ಲಿ ಒಂದು ಬೋರ್ಡ್ ಇಟ್ಟು ಎಲ್ಲದಕ್ಕೂ ತಂತಿ ಎಳೆದುಬಿಟ್ರೆ ಒಂದೇ ಗಡಿಯಾರ, ಒಂದೇ ಬ್ಯಾಟರಿ. ಸಿಂಕ್ (ಗಡಿಯಾರ ಹೊಂದಿಸೋದು) ಅನ್ನೋ ಸಮಸ್ಯೆ ಮುಕ್ಕಾಲು ಪಾಲು ಮಾಯ.

ಫರ್ಮ್‌ವೇರ್ ಹುಳ

@ಹೊಸನೋಡ್ ಸಿಎಸ್‌ವಿಲಿ ಟೈಮ್ ಕಾಲಮ್ ಹೇಗೆ ತುಂಬಿಸ್ತಿದೀರ? ನೋಡಿಂದ ಟೈಮ್‌ಸ್ಟ್ಯಾಂಪ್ ಬರ್ತಿದೆಯಾ, ಫೋನಿಗೆ ಬಂದ ಹೊತ್ತು ಹಾಕ್ತಿದೀರಾ, ಇಲ್ಲಾ ಸ್ಯಾಂಪಲ್ ನಂಬರನ್ನ 100ರಿಂದ ಭಾಗಿಸಿ ಹಾಕ್ತಿದೀರಾ? ಇದೊಂದು ಹೇಳಿ, ಆಮೇಲೆ ಮಿಕ್ಕಿದ್ದು.

ಹೊಸನೋಡ್

ಮೂರನೇದು ಅಣ್ಣ. ಸೆನ್ಸರನ್ನ 100 ಹರ್ಟ್ಜ್‌ಗೆ ಸೆಟ್ ಮಾಡಿರೋದು, ಆದ್ರಿಂದ ಸ್ಯಾಂಪಲ್ ನಂಬರ್ ಭಾಗಿಸು 100.

ಫರ್ಮ್‌ವೇರ್ ಹುಳ

ಅಲ್ಲೇ ಸಿಕ್ತು ನೋಡಿ. ಲೆಕ್ಕ ಹಾಕೋಣ ಬನ್ನಿ. ನಿಮ್ಮ ಬೋರ್ಡಿನ 32.768 ಕಿಲೋಹರ್ಟ್ಜ್ ಕ್ರಿಸ್ಟಲ್ ಸಾಮಾನ್ಯವಾಗಿ 20 ಪಿಪಿಎಂದು. ಅಂದ್ರೆ ಹತ್ತು ಲಕ್ಷ ಸೆಕೆಂಡಿಗೆ 20 ಸೆಕೆಂಡ್ ಹೆಚ್ಚುಕಮ್ಮಿ. ಒಂದು ನೋಡು ಪೂರ್ತಿ ಜೋರು, ಇನ್ನೊಂದು ಪೂರ್ತಿ ನಿಧಾನ, ಎತ್ತು ಏರಿಗೆ ಕೋಣ ನೀರಿಗೆ ಅಂತ ಎಳೆದ್ರೂ ಎರಡರ ನಡುವೆ 40 ಪಿಪಿಎಂ. ಗಂಟೆಗೆ 144 ಮಿಲಿಸೆಕೆಂಡ್, ಅರ್ಧ ಗಂಟೆಗೆ 72. ನಿಮಗೆ ಬಂದಿರೋದು 4 ಸೆಕೆಂಡ್! ಅದು 2200 ಪಿಪಿಎಂ ಹತ್ರ ಹೋಯ್ತು. ಯಾವ ಕ್ರಿಸ್ಟಲ್ಲೂ ಅಷ್ಟು ಕೆಟ್ಟದಾಗಿರಲ್ಲ, ಇದು ಕ್ರಿಸ್ಟಲ್ಲಿನ ಕೆಲ್ಸ ಅಲ್ಲ.

ಎಂಪಿಯು 6050 ತನ್ನ ಸ್ಯಾಂಪಲ್‌ಗಳನ್ನ ನಿಮ್ಮ ಪ್ರೊಸೆಸರಿನ ಕ್ರಿಸ್ಟಲ್ ನೋಡ್ಕೊಂಡು ತೆಗೆಯಲ್ಲ, ಒಳಗಡೆ ತನ್ನದೇ ಆಸಿಲೇಟರ್ (ಬಡಿತ ಕೊಡೋ ಸರ್ಕ್ಯೂಟ್) ಇದೆ, ಅಥವಾ ಜೈರೋ (ತಿರುಗೋದನ್ನ ಅಳೆಯೋ ಭಾಗ) ಕಂಪನವನ್ನೇ ಗಡಿಯಾರ ಮಾಡ್ಕೊಂಡಿರತ್ತೆ. ಅದು ಚಿಪ್ಪಿಂದ ಚಿಪ್ಪಿಗೆ ಶೇಕಡಾ ಒಂದರ ಆಸುಪಾಸು ಹೆಚ್ಚುಕಮ್ಮಿ ಇದ್ರೆ ಆಶ್ಚರ್ಯ ಇಲ್ಲ. ನೀವು 100 ಅಂತ ಬರೆದಿರ್ತೀರ, ಒಂದು ಚಿಪ್ 100.2 ಕೊಡ್ತಿರತ್ತೆ, ಇನ್ನೊಂದು 99.9. ನೀವು ಎಲ್ಲವನ್ನೂ 100ರಿಂದ ಭಾಗಿಸಿದ್ರೆ ಜೋರಾಗಿ ಓಡೋ ಚಿಪ್ಪಿನ ಟೈಮ್ ಮುಂದಕ್ಕೆ ಹೋಗದೆ ಇನ್ನೇನಾಗತ್ತೆ. ಇನ್ನೊಂದು ಗಮನಿಸಿ, ಎಡಿ 8232 ಅನಲಾಗ್ ಚಿಪ್ಪು, ಅದನ್ನ ಓದೋದು ಎನ್‌ಆರ್‌ಎಫ್‌ನ ಎಡಿಸಿ (ಅನಲಾಗನ್ನ ಅಂಕಿ ಮಾಡೋ ಭಾಗ), ಅದು ನಡೆಯೋದು ಎನ್‌ಆರ್‌ಎಫ್‌ನ ಟೈಮರ್ ಮೇಲೆ. ಅಂದ್ರೆ ನಿಮ್ಮ ಎದೆ ನೋಡ್ ಒಂದರೊಳಗೇ ಇಸಿಜಿಗೊಂದು ಗಡಿಯಾರ, ಚಲನೆಗೊಂದು ಗಡಿಯಾರ.

ಹೀಗೆ ಮಾಡಿ: ಸೆನ್ಸರಿನ ಡೇಟಾ ರೆಡಿ ಪಿನ್ನನ್ನ ಇಂಟರಪ್ಟಿಗೆ (ಪ್ರೊಸೆಸರನ್ನ ತಕ್ಷಣ ಕರೆಯೋ ಸಿಗ್ನಲ್ಲಿಗೆ) ಹಾಕಿ, ಆ ಕ್ಷಣ ಎನ್‌ಆರ್‌ಎಫ್ ಟೈಮರಿನ ಬೆಲೆ ಹಿಡ್ಕೊಳ್ಳಿ. ಪ್ರತಿ ಸ್ಯಾಂಪಲ್‌ಗೂ ಬೇಡ, ಪ್ಯಾಕೆಟ್ಟಿನ ಮೊದಲ ಸ್ಯಾಂಪಲ್‌ಗೆ ಸಾಕು. ಜೊತೆಗೆ ಒಂದು ಸೀಕ್ವೆನ್ಸ್ ನಂಬರ್. 4 ಬೈಟ್ ಟೈಮು, 2 ಬೈಟ್ ಸೀಕ್ವೆನ್ಸು, ಒಟ್ಟು 6 ಬೈಟ್ ಖರ್ಚಿಗೆ ಅರ್ಧಕ್ಕರ್ಧ ತಲೆನೋವು ಹೋಗತ್ತೆ.

ಮಾಡೆಲ್ ಮರಿ

ಟೀಮ್‌ಮೇಟ್ ಹೇಳಿದ್ದು ಪೂರ್ತಿ ತಪ್ಪಲ್ಲ ಅನ್ಸತ್ತೆ ನಂಗೆ. ಕನ್ವಲ್ಯೂಷನ್ ನೆಟ್‌ವರ್ಕಿಗೆ 2-3 ಸೆಕೆಂಡಿನ ವಿಂಡೋ (ಡೇಟಾ ತುಂಡು) ಕೊಟ್ರೆ ಸಣ್ಣಪುಟ್ಟ ವ್ಯತ್ಯಾಸ ಅದು ತಡ್ಕೊಳ್ಳತ್ತಲ್ಲ?

ಸಿಗ್ನಲ್ ಅಕ್ಕ

ಸಣ್ಣಪುಟ್ಟದ್ದು ತಡ್ಕೊಳ್ಳತ್ತೆ ಕಣೋ, ಇಲ್ಲಿ ವ್ಯತ್ಯಾಸ ಒಂದೇ ಕಡೆ ನಿಂತಿಲ್ಲ, ಬೆಳೀತಾ ಹೋಗ್ತಿದೆ. ರೆಕಾರ್ಡಿಂಗಿನ ಮೊದಲ ನಿಮಿಷದಲ್ಲಿ ಕೈ ಕಾಲು ಒಂದೇ ತಾಳ, ಕೊನೇ ನಿಮಿಷದಲ್ಲಿ ವಿಂಡೋದ ಉದ್ದಕ್ಕಿಂತ ಜಾಸ್ತಿ ಅಂತರ. ಯಾರಾದ್ರೂ ಯಾವಾಗ್ಲೂ ನಡಿಗೆ ಮೊದ್ಲು, ಮೆಟ್ಟಿಲು ಕೊನೆಗೆ ರೆಕಾರ್ಡ್ ಮಾಡಿದ್ರೆ ಮಾಡೆಲ್ ಏನು ಕಲಿಯತ್ತೆ ಗೊತ್ತಾ? ಅಂತರ ಜಾಸ್ತಿ ಇದ್ರೆ ಮೆಟ್ಟಿಲು ಅಂತ ಕಲಿಯತ್ತೆ. ಟೆಸ್ಟಲ್ಲೂ ಅದೇ ಕ್ರಮ ಇದ್ದಿದ್ರೆ 98 ಪರ್ಸೆಂಟ್ ತೋರಿಸಿ ಖುಷಿ ಪಡಿಸತ್ತೆ ಬೇರೆ.

ಮುಗ್ಗರಿಸೋದು ಹಿಡೀಬೇಕು ಅಂದಿದಾರಲ್ಲ, ಮುಗ್ಗರಿಸಿದಾಗ ಕಾಲು ತಡೆಯೋದು ಮೊದ್ಲು, ಕೈ ಚಾಚೋದು ಆಮೇಲೆ, ಎರಡರ ನಡುವೆ ಸೆಕೆಂಡಿನ ಒಂದು ಭಾಗ ಅಷ್ಟೆ. ಆ ಕ್ರಮನೇ ಮಾಹಿತಿ. ಐದು ನೋಡ್ ಹಾಕಿರೋದೇ ಅದಕ್ಕೆ, ಇಲ್ಲಾಂದ್ರೆ ಜೇಬಲ್ಲಿರೋ ಫೋನ್ ಒಂದೇ ಸಾಕಿತ್ತಲ್ಲ. ಹತ್ತು ಮಿಲಿಸೆಕೆಂಡೊಳಗೆ ಐದೂ ಒಪ್ಪೋವರೆಗೂ ನಾನಾಗಿದ್ರೆ ಮಾಡೆಲ್ ಫೈಲೇ ತೆಗೀತಿರ್ಲಿಲ್ಲ.

ತಂತಿವಾದಿ

ಅದಕ್ಕೇ ಹೇಳಿದ್ದು, ತಂತಿ ಎಳೀರಿ.

ಬಟ್ಟೆಬೋರ್ಡ್

ತಂತಿ ಎಳೀರಿ ಅನ್ನೋದು ಸುಲಭ ಸರ್, ಹಾಕ್ಕೊಂಡು ನಡೆದು ನೋಡಿ 🙂 ನಾನು ಬಟ್ಟೆ ಒಳಗೆ ಸರ್ಕ್ಯೂಟ್ ಹೊಲಿಯೋ ಕೆಲ್ಸದಲ್ಲಿರೋಳು. ಮೊಣಕೈ ಮೊಣಕಾಲು ದಾಟಿ ಹೋಗೋ ತಂತಿ ಪ್ರತಿ ಹೆಜ್ಜೆಗೂ ಮಡಚತ್ತೆ. ತುಂಡಾಗೋದು ಮಧ್ಯದಲ್ಲಲ್ಲ, ಯಾವಾಗ್ಲೂ ಗಟ್ಟಿ ಬೋರ್ಡೂ ಮೆತ್ತಗಿನ ತಂತಿಯೂ ಸೇರೋ ಜಾಗದಲ್ಲಿ. ಬೆಸುಗೆ ಹಾಕಿದಾಗ ತವರ ಎಳೆಗಳ ನಡುವೆ ಒಳಗೆ ಏರಿರತ್ತೆ, ಅದು ನಿಂತಲ್ಲಿಂದ ಮುಂದಿನ ಒಂದೆರಡು ಮಿಲಿಮೀಟರ್ ಇದೆಯಲ್ಲ, ಅಲ್ಲೇ ಒಂದೊಂದೇ ಎಳೆ ಕಡಿಯತ್ತೆ, ಹೊರಗಿನ ಸಿಲಿಕೋನ್ ಹೊದಿಕೆ ಮಾತ್ರ ಏನೂ ಆಗ್ದೇ ಇರೋ ಹಾಗೆ ಚೆನ್ನಾಗಿರತ್ತೆ. ಕೈ ಹೀಗೆ ತಿರುಗಿಸಿದ್ರೆ ಡೇಟಾ ಬರತ್ತೆ, ಹಾಗೆ ತಿರುಗಿಸಿದ್ರೆ ಇಲ್ಲ. ವಾಹಕ ದಾರದಲ್ಲಿ ಹೊಲಿದ್ರೆ ರೆಸಿಸ್ಟೆನ್ಸ್ ಬೇರೆ, ಬೆವರು ಬಂದ್ರೆ ಪಕ್ಕದ ದಾರಕ್ಕೆ ಸೋರಿಕೆ ಬೇರೆ.

ಇದು ಹೊಸ ಗೋಳೇನಲ್ಲ. 1961ರಲ್ಲಿ ಗಣಿತಜ್ಞ ಎಡ್ವರ್ಡ್ ಥೋರ್ಪ್, ಮಾಹಿತಿ ಸಿದ್ಧಾಂತ ಕಟ್ಟಿದ ಕ್ಲಾಡ್ ಶಾನನ್ ಇಬ್ರೂ ಸೇರಿ ಲಾಸ್ ವೇಗಸ್‌ನ ರೂಲೆಟ್ ಆಟಕ್ಕೆ ಅಂತ ಮೈಮೇಲೆ ಇಟ್ಕೊಳ್ಳೋ ಕಂಪ್ಯೂಟರ್ ಮಾಡಿದ್ರು, ಕಾಲ್ಬೆರಳಲ್ಲಿ ಒತ್ತೋ ಸ್ವಿಚ್ಚು ಶೂ ಒಳಗೆ, ಉತ್ತರ ಕಿವಿಲಿ ಸ್ವರವಾಗಿ ಕೇಳಿಸೋದು. ಲೆಕ್ಕ ಎಲ್ಲಾ ಸರಿ ಬರ್ತಿತ್ತು. ಕೈ ಕೊಡ್ತಿದ್ದಿದ್ದು ಕಿವಿಗೆ ಹೋಗೋ ಸಣ್ಣ ತಂತಿ, ಆಗಾಗ ಕಡಿದು ಹೋಗೋದು.

ತಂತಿವಾದಿ

ಶಾನನ್‌ಗೇ ಆಗ್ಲಿಲ್ಲ ಅಂದ್ರೆ ನಾನ್ಯಾವನು ಬಿಡಿ 😂 ಆದ್ರೂ ಬರೀ ರೆಕಾರ್ಡಿಂಗಿಗೆ, ಅಂದ್ರೆ ಡೇಟಾಸೆಟ್ ಮಾಡೋವಾಗ ಮಾತ್ರ ತಂತಿ ಹಾಕೋದ್ರಲ್ಲಿ ತಪ್ಪೇನಿಲ್ಲ. ಒಂದೇ ಮಾತು, ಹಾಗೆ ಮಾಡೋರು ಐ ಸ್ಕ್ವೇರ್ ಸಿ ಬಸ್ಸನ್ನ (ಚಿಪ್ಪು ಚಿಪ್ಪು ಮಾತಾಡ್ಕೊಳ್ಳೋ ತಂತಿ ಜೋಡಿ) ಕಾಲಿನವರೆಗೆ ಎಳೀಬೇಡಿ. ಅದು ಬೋರ್ಡೊಳಗೆ ಇರೋಕೆ ಅಂತ ಮಾಡಿದ್ದು, ಬಸ್ಸಿನ ಕೆಪ್ಯಾಸಿಟೆನ್ಸ್ 400 ಪಿಕೋಫ್ಯಾರಡ್ ದಾಟಬಾರ್ದು, ಉದ್ದ ಕೇಬಲ್ ಅದನ್ನ ಬೇಗ ತಿಂದಾಕತ್ತೆ. ಅದೂ ಅಲ್ದೆ ಎಂಪಿಯು 6050ಗೆ ಹೆಕ್ಸ್ 68, 69 ಅಂತ ಎರಡೇ ವಿಳಾಸ, ಐದು ಚಿಪ್ ಒಂದೇ ಬಸ್ಸಲ್ಲಿ ಕೂರಲ್ಲ. ಪ್ರತಿ ನೋಡಲ್ಲೂ ಸಣ್ಣ ಪ್ರೊಸೆಸರ್ ಇಟ್ಟು ಆರ್‌ಎಸ್ 485 ಅಥವಾ ಕ್ಯಾನ್ ಬಸ್ ಹಾಕಿ, ಅವು ಉದ್ದ ತಂತಿಗೇ ಅಂತ ಇರೋ ವಿಧಾನ.

ಹಳೇ ಆಂಟೆನಾ

ರೇಡಿಯೋ ಕಡೆಯಿಂದ ನಾನೊಂದು ಮಾತು ಸೇರಿಸ್ತೀನಿ, ಇಲ್ಲಾಂದ್ರೆ ಎಲ್ರೂ ಗಡಿಯಾರದ ಹಿಂದೇನೇ ಓಡ್ತೀರಿ.

ಬಿಎಲ್‌ಇ 2.4 ಗಿಗಾಹರ್ಟ್ಜ್‌ನಲ್ಲಿ ಓಡತ್ತೆ. ಮನುಷ್ಯನ ಮೈ ಅಂದ್ರೆ ಬಹುಪಾಲು ಉಪ್ಪುನೀರು. ಈ ಫ್ರೀಕ್ವೆನ್ಸಿಲಿ ಅಲೆ ಮಾಂಸಖಂಡದೊಳಗೆ ಎರಡು ಸೆಂಟಿಮೀಟರ್ ಚಿಲ್ರೆ ಹೋಗೋಷ್ಟರಲ್ಲಿ ಸೊರಗಿಬಿಡತ್ತೆ. ಎದೆ ಮೇಲಿರೋ ನೋಡಿಂದ ಹಿಂದಿನ ಜೇಬಲ್ಲಿರೋ ಫೋನಿಗೆ ಸಿಗ್ನಲ್ ಮೈ ತೂರ್ಕೊಂಡು ಹೋಗಲ್ಲ, ಮೈ ಸುತ್ತ ಬಳಸ್ಕೊಂಡು ಅಥವಾ ಗೋಡೆಗೆ ಬಡಿದು ವಾಪಸ್ ಬಂದು ತಲುಪತ್ತೆ. ಅದಕ್ಕೇ ರೂಮಲ್ಲಿ ಚೆನ್ನಾಗಿ ಕೆಲ್ಸ ಮಾಡಿದ್ದು ಬಯಲಿಗೆ ಹೋದ ತಕ್ಷಣ ಕೈ ಕೊಡೋದು, ಅಲ್ಲಿ ಗೋಡೆನೇ ಇಲ್ವಲ್ಲ. ಒಳಗೆ ಟೆಸ್ಟ್ ಮಾಡಿ ಪಾಸ್ ಅಂದ್ಕೊಂಡೋರೆಲ್ಲ ಬಯಲಲ್ಲಿ ಒಂದ್ಸಲ ಬೆನ್ನು ತಿರುಗಿಸಿ ನಡೆದು ನೋಡಿ.

ಇನ್ನೊಂದು, ಬೋರ್ಡಿನ ಆಂಟೆನಾನ ಚರ್ಮಕ್ಕೆ ಅಂಟಿಸಿದ್ರೆ ಅದರ ಟ್ಯೂನಿಂಗೇ ಕೆಳಗೆ ಜಾರತ್ತೆ. ಕೆಲವೇ ಮಿಲಿಮೀಟರ್ ಫೋಮ್ ಮಧ್ಯೆ ಇಟ್ರೂ ವ್ಯತ್ಯಾಸ ಕಣ್ಣಿಗೆ ಕಾಣತ್ತೆ. ಬ್ಯಾಟರಿನ ಆಂಟೆನಾ ಕೆಳಗೆ ಇಡಬೇಡಿ, ಚರ್ಮದ ಕಡೆ ಬ್ಯಾಟರಿ ಮಿಕ್ಕ ಬೋರ್ಡಿನ ಕೆಳಗೆ ಇರ್ಲಿ, ಆಂಟೆನಾ ತುದಿ ಆಚೆ ಚಾಚಿರ್ಲಿ.

ಐಇಇಇ 802.15.6 ಅಂತ ಮೈ ಸುತ್ತಲಿನ ನೆಟ್‌ವರ್ಕಿಗೇ ಅಂತ 2012ರಲ್ಲಿ ಒಂದು ಸ್ಟ್ಯಾಂಡರ್ಡ್ ಬಂತು, ನ್ಯಾರೋಬ್ಯಾಂಡ್, ಅಲ್ಟ್ರಾ ವೈಡ್‌ಬ್ಯಾಂಡ್, ಮೈಯನ್ನೇ ತಂತಿ ಮಾಡ್ಕೊಳ್ಳೋ ವಿಧಾನ ಮೂರೂ ಅದ್ರಲ್ಲಿದೆ. ಓದೋಕೆ ಚೆನ್ನಾಗಿದೆ. ಆದ್ರೆ ಎಲ್ರ ಕೈಲಿರೋ ಫೋನಲ್ಲಿ ಇರೋದು ಬ್ಲೂಟೂತು, ಅದೇ ಗೆದ್ದಿದ್ದು. ಮೈಯನ್ನೇ ತಂತಿ ಮಾಡ್ಕೊಳ್ಳೋ ಐಡಿಯಾ 90ರ ದಶಕದ ಮಧ್ಯದಲ್ಲೇ ಎಂಐಟಿ ಮೀಡಿಯಾ ಲ್ಯಾಬಲ್ಲಿ ಥಾಮಸ್ ಝಿಮ್ಮರ್‌ಮನ್ ತೋರಿಸಿದ್ದು, ಇಬ್ರು ಕೈ ಕುಲುಕಿದ್ರೆ ಒಬ್ರ ವಿಸಿಟಿಂಗ್ ಕಾರ್ಡಿನ ಮಾಹಿತಿ ಇನ್ನೊಬ್ರಿಗೆ ಹೋಗೋದು. ನಂಗೆ ಈಗ್ಲೂ ಅದು ಬಿಎಲ್‌ಇಗಿಂತ ಚಂದ ಅನ್ಸತ್ತೆ, ಬ್ಲೂಟೂತಿನಷ್ಟು ಅದು ಹರಡಲಿಲ್ಲ ಅನ್ನೋದೇ ಬೇಜಾರು.

ಹೊಸನೋಡ್

ಆಂಟೆನಾ ಅಣ್ಣ ಹೇಳಿದ್ದು ನಿಜ, ಬಯಲಲ್ಲಿ ಎಡಗಾಲಿನ ನೋಡಿನ ಡೇಟಾ ಬಿಟ್ಟುಬಿಟ್ಟು ಬರತ್ತೆ. ಪ್ಯಾಕೆಟ್ ಕಳೆದು ಹೋಗ್ತಿದೆ ಅಂತನಾ?

ಫರ್ಮ್‌ವೇರ್ ಹುಳ

ಬಿಎಲ್‌ಇ ಕನೆಕ್ಷನ್ ಇರೋವರೆಗೂ ಪ್ಯಾಕೆಟ್ ಗಾಳಿಲಿ ಕಳೆಯಲ್ಲ, ಎದುರಿಂದ ಉತ್ತರ ಬರೋವರೆಗೂ ರೇಡಿಯೋ ಅದನ್ನೇ ಮತ್ತೆ ಮತ್ತೆ ಕಳಿಸ್ತಿರತ್ತೆ. ಕಳೆಯೋದು ನಿಮ್ಮ ಬಫರ್ ತುಂಬಿ ಹೊಸ ಸ್ಯಾಂಪಲ್ ಇಡೋಕೆ ಜಾಗ ಇಲ್ದೇ ಇದ್ದಾಗ. ಸೀಕ್ವೆನ್ಸ್ ನಂಬರ್ ಹಾಕಿ ಅಂದಿದ್ದು ಇದಕ್ಕೇ, ಎಲ್ಲಿ ಹಾರಿದೆ ಅಂತ ಗೊತ್ತಾಗತ್ತೆ. ನಂಬರ್ ಇಲ್ದೇ ಇದ್ರೆ ಹಾರಿಹೋದ ತುಂಡಿನ ಎರಡೂ ತುದಿ ಅಂಟ್ಕೊಂಡು ನಿಮ್ಮ ಟೈಮ್ ಮತ್ತೆ ಜಾರತ್ತೆ.

ನೀವು ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಡೀಫಾಲ್ಟ್ 23 ಬೈಟಲ್ಲೇ ಬಿಟ್ಟಿದೀರಿ ಅನ್ನಿಸತ್ತೆ. ಅದ್ರಲ್ಲಿ ಡೇಟಾಗೆ ಉಳಿಯೋದು 20, ಒಂದು ಸ್ಯಾಂಪಲ್ 12 ಬೈಟು, ಅಂದ್ರೆ ಪ್ಯಾಕೆಟ್ಟಿಗೊಂದೇ ಸ್ಯಾಂಪಲ್, ನೋಡಿಗೆ ಸೆಕೆಂಡಿಗೆ 100 ಪ್ಯಾಕೆಟ್. ಎಂಟಿಯು 247ಕ್ಕೆ ಏರಿಸಿ, ಡೇಟಾ ಲೆಂತ್ ಎಕ್ಸ್‌ಟೆನ್ಷನ್ ಆನ್ ಮಾಡಿ. ಹೆಡರಿನ 6 ಬೈಟ್ ಕಳೆದು 19 ಸ್ಯಾಂಪಲ್ ಹಿಡಿಯತ್ತೆ, ಸೆಕೆಂಡಿಗೆ ಐದಾರು ಪ್ಯಾಕೆಟ್ ಸಾಕು. ಬ್ಯಾಟರಿನೂ ಉಳಿಯತ್ತೆ. ಜೊತೆಗೆ ಪ್ರತಿ ನೋಡಲ್ಲೂ ಒಂದು 16 ಎಂಬಿ ಫ್ಲ್ಯಾಶ್ ಚಿಪ್ ಇಟ್ಬಿಡಿ. ಸೆಕೆಂಡಿಗೆ 1200 ಬೈಟ್ ಅಂದ್ರೆ ಗಂಟೆಗೆ 4.3 ಎಂಬಿ, ಮೂರೂವರೆ ಗಂಟೆ ಮೇಲೇ ಬರತ್ತೆ. ರೇಡಿಯೋ ಕಟ್ಟಾದ್ರೂ ಡೇಟಾ ನೋಡೊಳಗೆ ಇರತ್ತೆ, ಆಮೇಲೆ ತೆಕ್ಕೋಬಹುದು. ಫ್ಲ್ಯಾಶ್ ಸೆಕ್ಟರ್ ಅಳಿಸೋಕೆ ಹತ್ತಾರು ಮಿಲಿಸೆಕೆಂಡ್ ಹಿಡಿಯತ್ತೆ, ಕೆಲವೊಮ್ಮೆ ನೂರಾರು, ಆಗ ಸ್ಯಾಂಪಲ್ ಹಿಡ್ಕೊಳ್ಳೋಕೆ ರ‍್ಯಾಮಲ್ಲಿ ಜಾಗ ಬಿಟ್ಟಿರಿ. ಇಲ್ಲಾ ರೆಕಾರ್ಡಿಂಗ್ ಶುರುವಾಗೋ ಮೊದ್ಲೇ ಎಲ್ಲಾ ಅಳಿಸಿ ಇಟ್ಕೊಳ್ಳಿ, ಅದೇ ನೆಮ್ಮದಿ.

ಮಾಡೆಲ್ ಮರಿ

ರಾ (ಅಳೆದ ಹಾಗೇ ಇರೋ) ಡೇಟಾ ಎಲ್ಲಾ ಯಾಕೆ ಕಳಿಸ್ಬೇಕು? ನೋಡಲ್ಲೇ ಸರಾಸರಿ, ವೇರಿಯನ್ಸ್ (ಏರಿಳಿತದ ಅಳತೆ), ಫ್ರೀಕ್ವೆನ್ಸಿ ಪೀಕ್ ಇವನ್ನ ಲೆಕ್ಕ ಹಾಕಿ ಅದನ್ನಷ್ಟೇ ಕಳಿಸಿದ್ರೆ ರೇಡಿಯೋ ಖರ್ಚು ನೂರನೇ ಒಂದು ಭಾಗಕ್ಕೆ ಬರಲ್ವಾ?

ಸಿಗ್ನಲ್ ಅಕ್ಕ

ಬರತ್ತೆ. ಪ್ರಾಡಕ್ಟ್ ಆದಾಗ ಹಾಗೇ ಮಾಡ್ಬೇಕು. ಆದ್ರೆ ಈಗ ಕಲೆಕ್ಟ್ ಮಾಡ್ತಿರೋದು ಡೇಟಾಸೆಟ್, ಇವತ್ತು ವೇರಿಯನ್ಸ್ ಮಾತ್ರ ಇಟ್ಕೊಂಡ್ರೆ ನಾಳೆ ಹಿಮ್ಮಡಿ ನೆಲಕ್ಕೆ ಬಡಿದ ಕ್ಷಣ ಬೇಕು ಅಂದ್ರೆ ಎಲ್ಲಿಂದ ತರ್ತೀಯ? ಜನ್ರನ್ನ ಮತ್ತೆ ಕರೆಸಿ ಮತ್ತೆ ನಡೆಸ್ಬೇಕು. ರಾ ಇಟ್ಕೊಳ್ಳಿ.

ಮಾಡೆಲ್ ವಿಷ್ಯ ಬಂತಲ್ಲ, ಇನ್ನೊಂದು ಹೇಳ್ಬಿಡ್ತೀನಿ, ಇದು ನಂಗೆ ತುಂಬಾ ಸಿಟ್ಟು ಬರಿಸೋ ವಿಷ್ಯ. ವಿಂಡೋಗಳನ್ನ ಅರ್ಧರ್ಧ ಒಂದರ ಮೇಲೊಂದು ಬರೋ ಹಾಗೆ ಕತ್ತರಿಸ್ತಾರೆ, ಆಮೇಲೆ ಎಲ್ಲಾ ವಿಂಡೋನೂ ಕಲಸಿ 80-20 ಅಂತ ಟ್ರೇನ್ (ಕಲಿಸೋದು) ಟೆಸ್ಟ್ ಮಾಡ್ತಾರೆ. ಒಂದು ವಿಂಡೋದ ಅರ್ಧ ಟ್ರೇನಲ್ಲಿದೆ, ಅದೇ ಅರ್ಧ ಪಕ್ಕದ ವಿಂಡೋ ಹೆಸರಲ್ಲಿ ಟೆಸ್ಟಲ್ಲೂ ಇದೆ. 99 ಬರದೆ ಇನ್ನೇನು ಬರತ್ತೆ! ವಿಂಡೋ ಕಲಸಬೇಡಿ, ಜನರನ್ನ ಬೇರೆ ಮಾಡಿ. ಎಂಟು ಜನರ ಮೇಲೆ ಕಲಿಸಿದ್ರೆ ಒಂಬತ್ತನೇ ಮನುಷ್ಯನ ಮೇಲೆ ಟೆಸ್ಟು, ಹೀಗೆ ಪ್ರತಿಯೊಬ್ರನ್ನೂ ಒಂದೊಂದ್ಸಲ ಹೊರಗೆ ಇಟ್ಟು. ಯುಸಿಐ ಎಚ್‌ಎಆರ್ ಅನ್ನೋ ಚಟುವಟಿಕೆ ಗುರುತಿಸೋ ಡೇಟಾಸೆಟ್ ಹಳೇದಾದ್ರೂ ಇದನ್ನ ಸರಿಯಾಗಿ ಮಾಡಿದೆ, 30 ಜನ, ಸೊಂಟಕ್ಕೆ ಕಟ್ಟಿದ ಫೋನು, 50 ಹರ್ಟ್ಜ್, 2.56 ಸೆಕೆಂಡಿನ ವಿಂಡೋ ಅರ್ಧರ್ಧ ಓವರ್‌ಲ್ಯಾಪು, ಆದ್ರೆ ಟ್ರೇನಲ್ಲಿರೋ ಜನ ಬೇರೆ ಟೆಸ್ಟಲ್ಲಿರೋ ಜನ ಬೇರೆ. ನಿಮ್ಮ ನೋಡುಗಳ ಜಾಗಕ್ಕೆ ಹತ್ತಿರದ್ದು ಬೇಕಂದ್ರೆ ಪಾಮಾಪ್ 2 ಅನ್ನೋ ಡೇಟಾಸೆಟ್ ನೋಡಿ, ಮಣಿಕಟ್ಟು ಎದೆ ಕಣಕಾಲು ಮೂರೂ ಇದೆ, 100 ಹರ್ಟ್ಜ್, ಜನ ಮಾತ್ರ ಒಂಬತ್ತೇ.

ಮುಗ್ಗರಿಸೋದು ಬೀಳೋದು ಅಂತ ಹೇಳ್ಕೊಂಡು ಹುಡುಗರನ್ನ ಹಾಸಿಗೆ ಮೇಲೆ ಬೀಳಿಸಿ ರೆಕಾರ್ಡ್ ಮಾಡೋದು ಮತ್ತೊಂದು. ಬೀಳ್ತೀನಿ ಅಂತ ಗೊತ್ತಿದ್ದು ಬೀಳೋ ಇಪ್ಪತ್ತರ ಹುಡುಗನೂ, ಗೊತ್ತಿಲ್ದೇ ಬೀಳೋ ವಯಸ್ಸಾದೋರೂ ಒಂದೇ ಥರ ಬೀಳಲ್ಲ. ಆ ಡೇಟಾಲಿ ಬಂದ ನಂಬರನ್ನ ನಿಜವಾದ ಬೀಳೋದಕ್ಕೆ ಹಾಗೇ ತಗೊಂಡು ಹೋಗ್ಬೇಡಿ.

ಮಾಡೆಲ್ ಮರಿ

ಅಕ್ಕ ಜನರನ್ನ ಬೇರೆ ಮಾಡಿದ್ರೆ ಆಕ್ಯುರೆಸಿ ಧಡಕ್ಕಂತ ಬೀಳತ್ತೆ 😭

ಸಿಗ್ನಲ್ ಅಕ್ಕ

ಬೀಳ್ಲಿ ಬಿಡು. ಅದೇ ನಿನ್ನ ನಿಜವಾದ ಆಕ್ಯುರೆಸಿ.

ಹೊಸನೋಡ್

ಟೈಮ್‌ಸ್ಟ್ಯಾಂಪ್ ಹಾಕಿದ್ವಿ, ಸೀಕ್ವೆನ್ಸೂ ಹಾಕಿದ್ವಿ. 4 ಸೆಕೆಂಡ್ ಇದ್ದದ್ದು ಹತ್ತಾರು ಮಿಲಿಸೆಕೆಂಡಿಗೆ ಇಳೀತು, ಹುಳ ಅಣ್ಣನಿಗೆ ದೊಡ್ಡ ಥ್ಯಾಂಕ್ಸ್. ಈಗ ಉಳಿದಿರೋದು ನಿಜವಾದ ಕ್ರಿಸ್ಟಲ್ ಡ್ರಿಫ್ಟ್ ಅನ್ಸತ್ತೆ. ಪ್ರತಿ ನೋಡಿನ ಗಡಿಯಾರ ಬೇರೆ ಬೇರೆ ಹೊತ್ತಲ್ಲಿ ಶುರುವಾಗಿರತ್ತೆ, ಅದನ್ನೆಲ್ಲ ಒಂದಕ್ಕೆ ಹೊಂದಿಸೋಕೆ ಫೋನಿಗೆ ಪ್ಯಾಕೆಟ್ ಬಂದ ಟೈಮ್ ತಗೊಂಡು ಗೆರೆ ಎಳೀತಿದೀವಿ, ಆದ್ರೆ ಆ ಟೈಮ್ ಸಿಕ್ಕಾಪಟ್ಟೆ ಕುಣೀತಿದೆ.

ಫರ್ಮ್‌ವೇರ್ ಹುಳ

ಕುಣಿಯತ್ತೆ. ಕನೆಕ್ಷನ್ ಇಂಟರ್ವಲ್ (ನೋಡೂ ಫೋನೂ ಮಾತಾಡೋ ನಿಗದಿ ಹೊತ್ತು) ಬರೋವರೆಗೂ ಪ್ಯಾಕೆಟ್ ಕಾಯತ್ತೆ, ಮರುಕಳಿಸೋದು ಇದ್ರೆ ಮತ್ತೊಂದು ಇಂಟರ್ವಲ್, ಆಮೇಲೆ ಫೋನಿನ ಆಪರೇಟಿಂಗ್ ಸಿಸ್ಟಮ್ಮಿಗೆ ಪುರುಸೊತ್ತು ಆದಾಗ ನಿಮ್ಮ ಆ್ಯಪಿಗೆ ಕೊಡತ್ತೆ. ಗಮನಿಸ್ಬೇಕಾದ್ದು ಏನಂದ್ರೆ, ಇದ್ರಲ್ಲಿ ಪ್ಯಾಕೆಟ್ ತಡ ಆಗ್ಬಹುದೇ ಹೊರತು ಹುಟ್ಟೋಕೆ ಮುಂಚೆ ಬರೋಕಾಗಲ್ಲ. ಆದ್ರಿಂದ ಸರಾಸರಿ ಗೆರೆ ಎಳೀಬೇಡಿ, ಅದನ್ನ ತಡವಾದ ಪ್ಯಾಕೆಟ್‌ಗಳು ಮೇಲಕ್ಕೆ ಎಳೀತವೆ. ಬಂದ ಟೈಮ್ ಮೈನಸ್ ನೋಡ್ ಟೈಮ್ ಅಂತ ಚುಕ್ಕಿ ಇಟ್ಕೊಂಡು ಹೋಗಿ, ಚುಕ್ಕಿಗಳ ರಾಶಿಯ ತಳ ಇರತ್ತಲ್ಲ, ಆ ತಳದ ಅಂಚಿಗೆ ಗೆರೆ ಎಳೀರಿ. ಇಳಿಜಾರು ಡ್ರಿಫ್ಟು. ಹಳೇ ರೆಕಾರ್ಡಿಂಗ್ ಉಳಿಸ್ಕೊಳ್ಳೋಕೆ ಇದು ಸಾಕು.

ಹೊಸದಾಗಿ ಮಾಡೋದಾದ್ರೆ ಫೋನನ್ನ ಮಧ್ಯದಿಂದ ತೆಗೀರಿ. ಸೊಂಟದ ಮೇಲೆ ಇನ್ನೊಂದು ಎನ್‌ಆರ್‌ಎಫ್ ಬೋರ್ಡ್ ಇಟ್ಟು ಅದನ್ನೇ ಯಜಮಾನ ಮಾಡಿ. ಅದು ಸೆಕೆಂಡಿಗೊಂದ್ಸಲ ಟೈಮ್ ಬೀಕನ್ (ತನ್ನ ಗಡಿಯಾರ ಸಾರೋ ಪ್ಯಾಕೆಟ್) ಕಳಿಸ್ಲಿ, ಪ್ರತಿ ನೋಡೂ ಪ್ಯಾಕೆಟ್ಟಿನ ವಿಳಾಸ ರೇಡಿಯೋಗೆ ಬಂದ ಕ್ಷಣಾನ ಪಿಪಿಐ (ಚಿಪ್ಪಿನ ಭಾಗಗಳನ್ನ ನೇರ ಜೋಡಿಸೋ ವ್ಯವಸ್ಥೆ) ಮೂಲಕ ಟೈಮರಲ್ಲಿ ಹಿಡೀಲಿ. ಸಾಫ್ಟ್‌ವೇರ್ ಮಧ್ಯೆ ಬರೋದೇ ಇಲ್ಲ, ಇಂಟರಪ್ಟ್ ತಡ ಆಯ್ತು ಅನ್ನೋ ಮಾತಿಲ್ಲ. ಒಂದು ಸೆಕೆಂಡಲ್ಲಿ 40 ಪಿಪಿಎಂ ಅಂದ್ರೆ 40 ಮೈಕ್ರೋಸೆಕೆಂಡ್ ಅಷ್ಟೆ, ನಿಮಗೆ ಬೇಕಾಗಿರೋದು 10 ಮಿಲಿ. ನಾಲ್ಕೈದು ಬೀಕನ್ ತಪ್ಪಿದ್ರೂ ಏನೂ ಆಗಲ್ಲ. ಸೆನ್ಸರ್ ನೆಟ್‌ವರ್ಕ್ ಮಂದಿ 2004ರಲ್ಲಿ ಎಫ್‌ಟಿಎಸ್‌ಪಿ ಅಂತ ಇದೇ ಥರದ್ದು ಮಾಡಿದ್ರು, ರೇಡಿಯೋ ಪದರದಲ್ಲೇ ಟೈಮ್ ಹಾಕು, ಆಮೇಲೆ ರಿಗ್ರೆಷನ್ನಲ್ಲಿ (ಚುಕ್ಕಿಗಳಿಗೆ ಗೆರೆ ಹೊಂದಿಸಿ) ಡ್ರಿಫ್ಟ್ ಲೆಕ್ಕ ಹಾಕು ಅಂತ.

ಹಳೇ ಆಂಟೆನಾ

ಚರ್ಮದ ಬಿಸಿಗೂ ಲೆಕ್ಕ ಇಟ್ಕೊಳ್ಳಿ. ಈ ಗಡಿಯಾರದ ಕ್ರಿಸ್ಟಲ್ 25 ಡಿಗ್ರಿಗೆ ಸರಿ ಇರತ್ತೆ, ಅದರಿಂದ ಆಚೆ ಹೋದಷ್ಟೂ ವರ್ಗದ ಲೆಕ್ಕದಲ್ಲಿ ನಿಧಾನ ಆಗತ್ತೆ, ಡಿಗ್ರಿ ವರ್ಗಕ್ಕೆ ಸುಮಾರು 0.034 ಪಿಪಿಎಂ. 35 ಡಿಗ್ರಿ ಚರ್ಮದ ಮೇಲೆ 3.4 ಪಿಪಿಎಂ ನಿಧಾನ, ಗಂಟೆಗೆ 12 ಮಿಲಿಸೆಕೆಂಡ್. ಅಂದ್ರೆ ಟೇಬಲ್ ಮೇಲೆ ಒಂದ್ಸಲ ಅಳೆದು ಬರ್ದಿಟ್ಕೊಂಡ ಡ್ರಿಫ್ಟ್ ನಂಬರ್ ಮೈಮೇಲೆ ಕಟ್ಟಿದಾಗ ಬದಲಾಗತ್ತೆ. ಬೀಕನ್ ಇದ್ರೆ ಚಿಂತೆ ಇಲ್ಲ, ಅದು ಹೋಗ್ತಾ ಹೋಗ್ತಾ ಸರಿ ಮಾಡ್ಕೊಳ್ಳತ್ತೆ.

ಬಟ್ಟೆಬೋರ್ಡ್

ಗಡಿಯಾರದ ಮಧ್ಯೆ ಪಟ್ಟಿ ಮರೀಬೇಡಿ ದಯವಿಟ್ಟು. ಸಡಿಲ ಪಟ್ಟಿಲಿರೋ ನೋಡು ಪ್ರತಿ ಹೆಜ್ಜೆಗೂ ತಾನೇ ಒಂದೆರಡು ಸಲ ಅಲ್ಲಾಡತ್ತೆ, ನೀವು ಅಳೀತಿರೋದು ಕಾಲನ್ನಲ್ಲ ಪಟ್ಟಿನ. ಮೀನಖಂಡದ ಮೇಲೆ ಕಟ್ಟಬೇಡಿ, ಮಾಂಸ ಅಲುಗತ್ತೆ. ಮುಂಗಾಲಿನ ಒಳಬದಿಲಿ ಚರ್ಮದ ಕೆಳಗೇ ಮೂಳೆ ಚಪ್ಪಟೆಯಾಗಿ ಸಿಗತ್ತಲ್ಲ, ಅಲ್ಲಿ. ಪಟ್ಟಿ ಸುತ್ತ ಜಾರಿ ತಿರುಗಿದ್ರೆ ಎಕ್ಸ್ ಅಕ್ಷ ಹೋಗಿ ವೈ ಆಗತ್ತೆ, ಆದ್ರಿಂದ ಪ್ರತಿ ರೆಕಾರ್ಡಿಂಗ್ ಶುರುವಿಗೆ ಐದು ಸೆಕೆಂಡ್ ನೆಟ್ಟಗೆ ನಿಲ್ಲಿಸಿ, ಗುರುತ್ವ ಯಾವ ದಿಕ್ಕಿಗೆ ಬರ್ತಿದೆ ನೋಡ್ಕೊಳ್ಳಿ. ಮುಗಿಯೋವಾಗ ಮತ್ತೆ ಐದು ಸೆಕೆಂಡ್. ಎರಡೂ ಹೊಂದಲಿಲ್ಲ ಅಂದ್ರೆ ಮಧ್ಯೆ ಎಲ್ಲೋ ಜಾರಿದೆ.

ಚಾರ್ಜಿಂಗ್ ಪ್ಯಾಡ್ ಚರ್ಮದ ಕಡೆ ಬಿಟ್ಟಿದ್ರೆ ಅದನ್ನೂ ನೋಡಿ. ಬ್ಯಾಟರಿ ವೋಲ್ಟೇಜ್ ಆ ಪ್ಯಾಡಿನವರೆಗೂ ಬರ್ತಿದ್ರೆ ಬೆವರಲ್ಲಿ ಸಣ್ಣಗೆ ಕರೆಂಟ್ ಹರಿದು ಪ್ಲಸ್ ಪ್ಯಾಡಿನ ಲೇಪ ಎದ್ದು, ಒಳಗಿನ ತಾಮ್ರ ಹಸಿರು ಹಸಿರಾಗಿ ಪುಡಿ ಉದುರತ್ತೆ. ಮೈನಸ್ ಪ್ಯಾಡ್ ಮಾತ್ರ ಹೊಸದರ ಹಾಗೇ ಫಳಫಳ. ಪಕ್ಕಪಕ್ಕ ಹೀಗೆ ಕಂಡ್ರೆ ಕಾರಣ ಇದೇ ಅಂತ ತಿಳ್ಕೊಳ್ಳಿ. ಚಾರ್ಜರ್ ಕಡೆಯಿಂದ ಒಳಗೆ ಮಾತ್ರ ಬಿಡೋ ಹಾಗೆ ಒಂದು ಡಯೋಡೋ ಮಾಸ್‌ಫೆಟ್ಟೋ ಹಾಕಿ. ಚರ್ಮಕ್ಕೂ ಒಳ್ಳೇದಲ್ಲ ಅದು.

ಸಿಗ್ನಲ್ ಅಕ್ಕ

ಸುರಕ್ಷತೆ ಅಂದಾಗ ನೆನಪಾಯ್ತು. @ಹೊಸನೋಡ್ ಇಸಿಜಿ ಎಲೆಕ್ಟ್ರೋಡ್ ಮೈಮೇಲೆ ಇರೋವಾಗ ಎದೆ ನೋಡನ್ನ ಯುಎಸ್‌ಬಿ ಕೇಬಲ್ಲಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸ್ಬೇಡಿ, ಅದೂ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದ್ದಾಗಂತೂ ಬೇಡವೇ ಬೇಡ. ಜೆಲ್ ಹಚ್ಚಿದ ಎಲೆಕ್ಟ್ರೋಡ್ ಅಂದ್ರೆ ಚರ್ಮದ ತಡೆನ ನಾವೇ ಬೇಕಂತ ಇಳಿಸಿರ್ತೀವಿ. ವೈದ್ಯಕೀಯ ಉಪಕರಣಗಳ ಐಇಸಿ 60601ರಲ್ಲಿ ಮೈಗೆ ತಾಗೋ ಭಾಗದಿಂದ ಸೋರೋ ಕರೆಂಟಿಗೆ ಮಾಮೂಲಿ ಸ್ಥಿತಿಲಿ 100 ಮೈಕ್ರೋ ಆಂಪಿಯರ್ ಮಿತಿ ಇದೆ, ನೇರ ಹೃದಯಕ್ಕೆ ಹೋಗೋ ಸಾಧನಕ್ಕೆ 10. ಯಾವುದೋ ಚಾರ್ಜರ್ ಅದನ್ನ ಪಾಲಿಸತ್ತೆ ಅಂತ ಯಾರು ಹೇಳ್ತಾರೆ? ಡೀಬಗ್ ಮಾಡೋದಿದ್ರೆ ಬ್ಯಾಟರಿ ಮೇಲೆ, ರೇಡಿಯೋ ಮೂಲಕ.

ಹೊಸನೋಡ್

ಸರಿ ಅಕ್ಕ, ಇದನ್ನ ಲ್ಯಾಬ್ ಗೋಡೆ ಮೇಲೇ ಬರ್ದು ಅಂಟಿಸ್ತೀವಿ.

ಅಪ್‌ಡೇಟ್: ಸೊಂಟದ ಬೋರ್ಡ್ ಹಾಕಿ ಬೀಕನ್ ಸಿಂಕ್ ಮಾಡಿದ್ವಿ. ಪರೀಕ್ಷೆಗೆ ಐದೂ ನೋಡನ್ನ ಒಂದು ಗಟ್ಟಿ ಡಬ್ಬಿಲಿ ಸೇರಿಸಿ ಬಿಗಿಯಾಗಿ ಟೇಪ್ ಸುತ್ತಿ ಟೇಬಲ್ ಮೇಲೆ ಕುಟ್ಟಿದ್ವಿ, ಒಂದು ಗಂಟೆ ಬಿಟ್ಟು ಮತ್ತೆ ಕುಟ್ಟಿದ್ವಿ. ಡ್ರಿಫ್ಟ್ ಸೊನ್ನೆ ಅನ್ಬಹುದು, ಮೊದಲ ಕುಟ್ಟಿಗೂ ಕೊನೇ ಕುಟ್ಟಿಗೂ ವ್ಯತ್ಯಾಸ ಇಲ್ಲ 🎉 ಆದ್ರೆ ಒಂದು ವಿಚಿತ್ರ. ಕೈಯ ಎರಡೂ ನೋಡು ಮಿಕ್ಕ ಮೂರಕ್ಕಿಂತ ಯಾವಾಗ್ಲೂ 17 ಮಿಲಿಸೆಕೆಂಡ್ ಹಿಂದೆ. ಶುರುವಲ್ಲೂ 17, ಗಂಟೆ ಆದ್ಮೇಲೂ 17. ಅಷ್ಟೇ ಅಲ್ಲ, ಅವೆರಡರಲ್ಲಿ ಕುಟ್ಟಿದ ಏಟು ಚೂಪಾಗಿ ಬರಲ್ಲ, ದುಂಡಗೆ ಗುಡ್ಡದ ಥರ ಕಾಣತ್ತೆ. 100 ಹರ್ಟ್ಜ್‌ಗೆ ಸ್ಯಾಂಪಲ್ ಅಂತರನೇ 10 ಮಿಲಿ ಆದ್ರಿಂದ ಸುಮ್ನೆ ಬಿಡೋಣ್ವಾ?

ಫರ್ಮ್‌ವೇರ್ ಹುಳ

ಬಿಡ್ಬೇಡಿ. ಬದಲಾಗದ ಅಂತರ ಅಂದ್ರೆ ಗಡಿಯಾರ ಸರಿ ಇದೆ, ಸಿಗ್ನಲ್ಲೇ ದಾರಿಲಿ ತಡ ಆಗ್ತಿದೆ. ಕೈ ನೋಡಿನ ಫರ್ಮ್‌ವೇರ್ ಬೇರೆ ಯಾರಾದ್ರೂ ಬರೆದಿದ್ದಾ? ಎಂಪಿಯು 6050ರ ಡಿಎಲ್‌ಪಿಎಫ್ (ವೇಗದ ಕಂಪನ ತಡೆಯೋ ಒಳಗಿನ ಫಿಲ್ಟರ್) ಸೆಟ್ಟಿಂಗ್ ಎರಡರಲ್ಲೂ ಪಕ್ಕಪಕ್ಕ ಇಟ್ಟು ನೋಡಿ.

ಹೊಸನೋಡ್

ಹೌದು ಕೈದು ಇನ್ನೊಬ್ಬ ಬರೆದಿದ್ದು. ಕೈಲಿ 6, ಕಾಲು ಎದೆಲಿ 1.

ಫರ್ಮ್‌ವೇರ್ ಹುಳ

ಮುಗೀತಲ್ಲ. 6 ಅಂದ್ರೆ 5 ಹರ್ಟ್ಜ್ ಫಿಲ್ಟರ್, ಡೇಟಾಶೀಟಲ್ಲಿ ಆಕ್ಸೆಲರೋಮೀಟರಿಗೆ (ವೇಗ ಬದಲಾಗೋದನ್ನ ಅಳೆಯೋ ಭಾಗಕ್ಕೆ) 19 ಮಿಲಿಸೆಕೆಂಡ್ ತಡ ಅಂತ ಕೊಟ್ಟಿದಾರೆ. 1 ಅಂದ್ರೆ 184 ಹರ್ಟ್ಜ್, 2 ಮಿಲಿಸೆಕೆಂಡ್. ಕಳೀರಿ.

ಹೊಸನೋಡ್

17!! 🤯 ಹಾಗಾದ್ರೆ ಎಲ್ಲಾ 1 ಮಾಡ್ಲಾ?

ಸಿಗ್ನಲ್ ಅಕ್ಕ

100 ಹರ್ಟ್ಜ್‌ಲಿ ಸ್ಯಾಂಪಲ್ ಮಾಡ್ಕೊಂಡು 184 ಬಿಟ್ರೆ 50ರ ಮೇಲಿನದ್ದೆಲ್ಲ ಮಡಚ್ಕೊಂಡು ಕೆಳಗೆ ಬಂದು ಕೂರತ್ತೆ, ಹಿಮ್ಮಡಿ ಏಟಲ್ಲಿ ಅದು ಸಾಕಷ್ಟು ಇರತ್ತೆ. 5 ಇಟ್ರೆ ಏಟೇ ಅಳಿಸಿ ಹೋಗತ್ತೆ, ಅದಕ್ಕೇ ನಿಮಗೆ ಗುಡ್ಡ ಕಂಡಿದ್ದು. ಐದರಲ್ಲೂ 3 ಹಾಕಿ, 44 ಹರ್ಟ್ಜ್, ತಡ 4.9 ಮಿಲಿ, ಎಲ್ಲಕ್ಕೂ ಒಂದೇ ಆದ್ರಿಂದ ಪರವಾಗಿಲ್ಲ. ಇಸಿಜಿಗೆ ಬೇರೆ ಫಿಲ್ಟರ್ ಇದೆ, ಅದರ ತಡ ಬೇರೆ, ಅದನ್ನ ಚಲನೆ ಜೊತೆ ಹೋಲಿಸೋ ಹೊತ್ತಿಗೆ ಕಳೀಬೇಕು. ಹಾಕಿ, ಮತ್ತೆ ಡಬ್ಬಿ ಕುಟ್ಟಿ, ಪ್ಲಾಟ್ ಇಲ್ಲೇ ಹಾಕಿ ನೋಡೋಣ.